ಪ್ರೆಡ್ನಿಸೊಲೋನ್ ಶುರು ಮಾಡಿದ ಮೇಲೆ ಅಮ್ಮ ಅಮ್ಮನ ಹಾಗಿಲ್ಲ, ಮಾತ್ರೆ ನಿಲ್ಲಿಸಲಾ?

ಪೆರ್ಲದ ಮಗಳು:
ಅಮ್ಮನಿಗೆ 58. ಮೈಯೆಲ್ಲ ನೀರುಗುಳ್ಳೆ ಎದ್ದು ಮಂಗಳೂರಿಗೆ ಕರ್ಕೊಂಡು ಹೋಗಿದ್ದೆವು, ದಿನಕ್ಕೆ 60 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು. ಗುಳ್ಳೆ ಒಣಗುತ್ತಾ ಬಂತು. ಆದರೆ ಆರನೇ ದಿನದಿಂದ ನಿದ್ದೆಯೇ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಅಂಗಳದಲ್ಲಿ ಅಡಿಕೆ ಹರಡುತ್ತಾರೆ, ಬಿಡದೆ ಮಾತಾಡುತ್ತಾರೆ, ಯಾರೋ ಬಾವಿಗೆ ಏನೋ ಹಾಕಿದ್ದಾರೆ ಅಂತ ಮನೆಯ ನೀರೇ ಮುಟ್ಟುವುದಿಲ್ಲ. ದೊಡ್ಡಪ್ಪ ಜೋಯಿಸರಲ್ಲಿ ಪ್ರಶ್ನೆ ಇಡಿಸೋಣ ಅಂತಾರೆ. ನನಗೆ ಮಾತ್ರೆಯ ಮೇಲೆಯೇ ಅನುಮಾನ.

ಕುಂಬಳೆ ಮೆಡಿಕಲ್ಸ್:
ಅಕ್ಕಾ, ನಿಮ್ಮ ಅನುಮಾನ ಸರಿ. ಆದರೆ ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಮೂತ್ರಪಿಂಡದ ಮೇಲೊಂದು ಸಣ್ಣ ಗ್ರಂಥಿ ಇದೆ, ಕಾರ್ಟಿಸೋಲ್ ಅನ್ನೋ ದೇಹದ್ದೇ ಸ್ಟೀರಾಯ್ಡ್ ಮಾಡುವುದು ಅದೇ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಾ ಇದ್ದರೆ ಅದು ಕೆಲಸ ಕಡಿಮೆ ಮಾಡುತ್ತದೆ, ಕೆಲವು ವಾರ ಮಾತ್ರೆ ತಿಂದವರು ದಿಢೀರ್ ನಿಲ್ಲಿಸಿದರೆ ಬಿಪಿ ಇಳಿದು ಜೀವಕ್ಕೇ ಅಪಾಯ ಬರಬಹುದು. ಬಿಟ್ಟರೆ ಗುಳ್ಳೆಯೂ ತಿರುಗಿ ಏಳಬಹುದು.
ಇದು ಹುಚ್ಚಲ್ಲ, ಉಪದ್ರವೂ ಅಲ್ಲ. ಈ ಔಷಧಿ ಮಿದುಳಿಗೂ ಹೋಗುತ್ತದೆ, ನೆನಪು ಮತ್ತು ಭಾವನೆ ನೋಡಿಕೊಳ್ಳುವ ಜಾಗಗಳಲ್ಲಿ ಕಾರ್ಟಿಸೋಲ್ ಕೂರುವ ಕಡೆಯೇ ಕೂರುತ್ತದೆ, ಮಿದುಳಲ್ಲಿ ಸಂದೇಶ ಒಯ್ಯುವ ಡೋಪಮಿನ್, ಗ್ಲುಟಮೇಟ್‌ಗಳ ಲೆಕ್ಕ ತಪ್ಪುತ್ತದೆ. ಡೋಸ್ ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ. ಅಮೆರಿಕದ ಬಾಸ್ಟನ್‌ನಲ್ಲಿ 1972ರಲ್ಲಿ ಲೆಕ್ಕ ಹಾಕಿದಾಗ ದಿನಕ್ಕೆ 40 ಮಿಲಿಗ್ರಾಂ ಅಥವಾ ಕಡಿಮೆ ತಿಂದವರಲ್ಲಿ 1.3 ಶೇಕಡಾ ಜನರಿಗೆ ಮನಸ್ಸಿನ ತೊಂದರೆ ಕಂಡಿತ್ತು, 80 ದಾಟಿದವರಲ್ಲಿ 18.4. ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಈ ಬಾವಿಯ ಮಾತನ್ನೂ ಹೇಳಿ, ನಾಚಿಕೆ ಬೇಡ.

ಮಂಜೇಶ್ವರದ ಅಮ್ಮ:
ನನಗೆ ಬಾಣಂತನದಲ್ಲಿ ಹೀಗೆಯೇ ಮನಸ್ಸು ಕೆಟ್ಟಿತ್ತು, ಮಗುವನ್ನು ಎತ್ತಿಕೊಳ್ಳಲೂ ಆಗುತ್ತಿರಲಿಲ್ಲ, ಎಲ್ಲರೂ ಸೊಕ್ಕು ಅಂದರು. ಪ್ರೊಜೆಸ್ಟರಾನ್ ಕೂಡ ಸ್ಟೀರಾಯ್ಡ್ ಹಾರ್ಮೋನೇ, ಹೆರಿಗೆ ಆದ ಕೂಡಲೇ ಸರ್ರನೆ ಇಳಿಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಅದರಿಂದ ದೇಹ ಮಾಡಿಕೊಳ್ಳುವ ಅಲೋಪ್ರೆಗ್ನನೋಲೋನ್ ಅನ್ನೋದು, ಮಿದುಳನ್ನು ತಣ್ಣಗಿಡುವ ಗಾಬಾ ಅನ್ನೋ ರಾಸಾಯನಿಕಕ್ಕೆ ಬಲ ಕೊಡುತ್ತದಂತೆ. ಅದನ್ನೇ ಹೀಗೆ ಮನಸ್ಸು ಕುಗ್ಗಿದ ಬಾಣಂತಿಯರಿಗೆ 60 ಗಂಟೆ ಡ್ರಿಪ್ ಹಾಕಿ ಕೊಡುವ ಔಷಧಿಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ಅಮ್ಮನ ತೊಂದರೆ ಬೇರೆ, ಗೊತ್ತು. ಆದರೆ ಅವರ ಹತ್ತಿರ ವಾದ ಮಾಡಬೇಡಿ, ರಾತ್ರಿ ಒಬ್ಬರನ್ನೇ ಬಿಡಬೇಡಿ. ನನ್ನ ಹತ್ತಿರ ಯಾರೂ ಕೂತಿರಲಿಲ್ಲ.

ಪೆರ್ಲದ ಮಗಳು:
ಡಾಕ್ಟರ್ ನಿನ್ನೆಯೇ ಬರಹೇಳಿದರು. ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರಂತೆ, ಇರುವುದನ್ನು ಬೆಳಗ್ಗೆಯೇ ಕೊಡಬೇಕಂತೆ, ರಾತ್ರಿಗೆ ಬೇರೆ ಮಾತ್ರೆ ಕೊಟ್ಟಿದ್ದಾರೆ. ಕಳೆದ ರಾತ್ರಿ ಐದು ಗಂಟೆ ಮಲಗಿದರು. ಬಾವಿ ನೀರು ಇನ್ನೂ ಬೇಡವಂತೆ, ದೊಡ್ಡಪ್ಪನೇ ಅವರ ಮನೆಯಿಂದ ಎರಡು ಕೊಡ ತಂದಿಟ್ಟಿದ್ದಾರೆ.