ಪದಚರ್ಚೆ: ‘ಗೊರಕೆ ರೋಗ’, ‘ಗಳಲೆ’, ‘ನ್ಯುಮೋನಿಯಾ’: ಕುರಿಮರಿಯ ಎದೆಯ ಬೇನೆಗೆ ಯಾವ ಪದ?

ಪ್ರಶ್ನೆ, ಮಡಕಶಿರಾದಿಂದ

ಮಾನ್ಯರೇ,

ಗಡಿಭಾಗದ ಕನ್ನಡ ಕುರಿಗಾರರಿಗಾಗಿ ತೆಲುಗಿನ ಕರಪತ್ರವೊಂದು ಕನ್ನಡಕ್ಕೆ ಬರುತ್ತಿದೆ. ಮಳೆಗಾಲ ಮತ್ತು ಚಳಿಗಾಲದಲ್ಲಿ ಎಳೆಮರಿಗಳನ್ನು ಕಾಡುವ ಉಸಿರಾಟದ ಸೋಂಕು ಅದರ ವಿಷಯ. ಕರಡಿನಲ್ಲಿ ‘ಗುರಕ ವ್ಯಾಧಿ’ ಎಂಬುದು ‘ಗೊರಕೆ ರೋಗ’ ಆಗಿದೆ. ‘ನ್ಯುಮೋನಿಯಾ’ ಇದ್ದ ಕಡೆ ‘ಶ್ವಾಸಕೋಶದ ಉರಿಯೂತ’ ಬಂದಿದೆ. ‘ಡೊಕ್ಕಲು ಎಗರೇಯಡಂ’ ಎಂಬುದಕ್ಕೆ ‘ಹೊಟ್ಟೆ ಹಾರಿಸುವುದು’ ಎಂದಿದೆ. ‘ಅಂಟುವ್ಯಾಧಿ’ ನೇರವಾಗಿ ‘ಅಂಟುರೋಗ’. ಓದಿದರೆ ಎಲ್ಲವೂ ಕನ್ನಡವೇ. ಆದರೆ ರೊಪ್ಪದ (ಕುರಿದೊಡ್ಡಿಯ) ಮುಂದೆ ನಿಂತು ಓದುವವರಿಗೆ ಇದರಿಂದ ಸರಿಯಾದ ಅರ್ಥ ದಕ್ಕುತ್ತದೆಯೇ? ತಿಳಿದವರು ಪದಗಳನ್ನು ತಿದ್ದಿಕೊಡಬೇಕು.

ಉತ್ತರ, ರಾಯದುರ್ಗದಿಂದ

ನಾಲ್ಕರಲ್ಲಿ ಹೆಚ್ಚು ಹಾನಿ ಮಾಡುವುದು ಮೊದಲನೆಯದು. ತೆಲುಗಿನಲ್ಲಿ ಗುರಕ ವ್ಯಾಧಿ, ಗೊಂತುವಾಪು ಎಂದರೆ ಕನ್ನಡದ ಗಳಲೆ. ಆ ಪದ ನಮ್ಮಲ್ಲಿ ಬೇರೂರಿದೆ, ಲಸಿಕೆ ಹಾಕುವವರೂ ಅದನ್ನೇ ಹೇಳುತ್ತಾರೆ. ಹೊಸದಾಗಿ ‘ಗೊರಕೆ ರೋಗ’ ಕಟ್ಟುವ ಅಗತ್ಯವೇ ಇಲ್ಲ. ಕನ್ನಡದಲ್ಲಿ ಗೊರಕೆ ನಿದ್ದೆಯ ಸದ್ದು. ಗಳಲೆಯಲ್ಲಿ ಕೇಳುವುದು ಬಾತುಕೊಂಡ ಗಂಟಲು ಉಸಿರಿನ ದಾರಿಯನ್ನು ಒತ್ತಿದಾಗ ಹೊರಡುವ ‘ಗೊರಗೊರ’. ಎರಡೂ ಒಂದಲ್ಲ.

ಕರಪತ್ರ ಗಳಲೆಯನ್ನೂ ಮರಿಗಳ ನ್ಯುಮೋನಿಯಾವನ್ನೂ ಒಂದೇ ಉಸಿರಿನಲ್ಲಿ ಹೇಳುವಂತಿದ್ದರೆ ಅಲ್ಲಿ ಸಾಲು ಮುರಿಯಲೇಬೇಕು. ಗಳಲೆ ತರುವುದು ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾದ ಒಂದು ಬಗೆ. ಮರಿಗಳ ನ್ಯುಮೋನಿಯಾದಲ್ಲಿ ಬಹಳ ಸಲ ಸಿಗುವುದು ಇನ್ನೊಂದು ಬ್ಯಾಕ್ಟೀರಿಯಾ, ಮ್ಯಾನ್‌ಹೈಮಿಯಾ ಹೀಮೋಲಿಟಿಕಾ. ಗೊಂದಲಕ್ಕೆ ಹಳೆಯ ಕಾರಣವೊಂದಿದೆ. 1999ರವರೆಗೆ ಈ ಎರಡನೆಯದನ್ನೂ ಪಾಶ್ಚುರೆಲ್ಲಾ ಹೀಮೋಲಿಟಿಕಾ ಎಂದೇ ಕರೆಯುತ್ತಿದ್ದರು. ಆ ವರ್ಷ ಅದನ್ನು ಬೇರ್ಪಡಿಸಿ, ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ವಾಲ್ಟರ್ ಮ್ಯಾನ್‌ಹೈಮ್ ಅವರ ಹೆಸರಿನಲ್ಲಿ ಹೊಸ ಕುಲ ಮಾಡಿದರು. ಹಳೆಯ ಪುಸ್ತಕಗಳಲ್ಲಿ ಎರಡಕ್ಕೂ ‘ಪಾಶ್ಚುರೆಲ್ಲೋಸಿಸ್’ ಎಂದಿರುವುದು ಹೀಗೆ. ಹಿಂಡಿನ ಮಟ್ಟದಲ್ಲಿ ಇದರ ಪರಿಣಾಮ ನೋಡಿ: ಗಳಲೆ ಲಸಿಕೆ ಹಾಕಿಸಿದವರು ‘ನಮ್ಮ ಮರಿಗಳಿಗೆ ಇದು ಬರಲ್ಲ’ ಎಂದು ನಿಶ್ಚಿಂತರಾಗುತ್ತಾರೆ. ಆ ಲಸಿಕೆ ಮ್ಯಾನ್‌ಹೈಮಿಯಾವನ್ನು ತಡೆಯುವುದಿಲ್ಲ. ಹಾಗಾಗಿ ಹೆಸರು ಬೇರೆಯಾಗಿಯೇ ಇರಲಿ. ಗುರುತನ್ನೂ ಹೀಗೆ ಬರೆಯಿರಿ: ‘ಗಳಲೆಯಲ್ಲಿ ಗಂಟಲು ಬಾಯುತ್ತದೆ, ನ್ಯುಮೋನಿಯಾದಲ್ಲಿ ಗಂಟಲು ಬಾಯುವುದಿಲ್ಲ, ಅಳ್ಳೆ ಬಡಿಯುತ್ತದೆ’.

‘ಶ್ವಾಸಕೋಶದ ಉರಿಯೂತ’ ಶಾಸ್ತ್ರಕ್ಕೆ ಸರಿ, ಕರಪತ್ರಕ್ಕೆ ತಪ್ಪು. ಊತ ಎಂದ ಕೂಡಲೇ ಕುರಿಗಾರರು ಮರಿಯ ಮೈ ತಡವಿ ಬಾವು ಹುಡುಕುತ್ತಾರೆ. ಹೊರಗೆ ಏನೂ ಸಿಗುವುದಿಲ್ಲ. ಸಿಗುವುದು ಸತ್ತ ಮರಿಯನ್ನು ಕೊಯ್ದಾಗ: ಶ್ವಾಸಕೋಶದ ಮುಂದಿನ, ಕೆಳಗಿನ ಹಾಲೆಗಳು ಕಡುಗೆಂಪಾಗಿ, ಅಂಗಡಿಯಲ್ಲಿ ಕಲೀಜ ಎನ್ನುತ್ತೇವಲ್ಲ, ಅದರಂತೆ ಗಟ್ಟಿಯಾಗಿರುತ್ತವೆ. ಅಂಥ ಒಂದು ತುಂಡನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ಗಾಳಿ ತುಂಬಿದ ಆರೋಗ್ಯವಂತ ತುಂಡು ತೇಲುತ್ತದೆ. ‘ಪುಪ್ಪುಸ ಗಟ್ಟಿಯಾಗುವ ಬೇನೆ’ ಎಂದು ಬಿಡಿಸಿ ಹೇಳಬಹುದು, ಆದರೆ ಹೆಸರಾಗಿ ‘ನ್ಯುಮೋನಿಯಾ’ವನ್ನೇ ಉಳಿಸಿ. ಔಷಧದಂಗಡಿಯಲ್ಲಿ ಕೇಳುವಾಗ ಬೇಕಾಗುವುದು ಅದೇ.

‘ಹೊಟ್ಟೆ ಹಾರಿಸುವುದು’ ಖಂಡಿತ ಬೇಡ. ಓದಿದವರಿಗೆ ಹೊಟ್ಟೆಯುಬ್ಬರ ನೆನಪಾಗುತ್ತದೆ, ಎಣ್ಣೆ ಕುಡಿಸಲು ಹೊರಡುತ್ತಾರೆ. ಪಕ್ಕೆಲುಬಿನ ಹಿಂದೆ, ತೊಡೆಯ ಮುಂದೆ ಇರುವ ಮೆತ್ತನೆಯ ಜಾಗಕ್ಕೆ, ಅಂದರೆ ತೆಲುಗಿನ ‘ಡೊಕ್ಕ’ಕ್ಕೆ, ನಮ್ಮಲ್ಲಿ ‘ಅಳ್ಳೆ’ ಎಂಬ ಖಚಿತವಾದ ಪದವಿದೆ. ‘ಅಳ್ಳೆ ಬಡಿತ’ ಎಂದರೆ ಸಾಕು. ಬರೀ ಲಕ್ಷಣ ಹೇಳಿ ಬಿಡದೆ, ನೋಡುವ ಕ್ರಮವನ್ನೂ ಬರೆಯಿರಿ. ಓಡಿಸಿದ ಮರಿಗೂ ಬಿಸಿಲಲ್ಲಿ ನಿಂತ ಮರಿಗೂ ಅಳ್ಳೆ ಬಡಿಯುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲಿ, ಮರಿ ಮಲಗಿರುವಾಗಲೇ, ದೂರದಿಂದ ಪೂರ್ತಿ ಒಂದು ನಿಮಿಷ ಎಣಿಸಬೇಕು. ಪಕ್ಕದ ಆರೋಗ್ಯವಂತ ಮರಿಯದನ್ನೂ ಎಣಿಸಿ ಹೋಲಿಸಬೇಕು. ಆಮೇಲೆ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಬೇಕು. ಸಾಮಾನ್ಯವಾಗಿ 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಮರಿಗಳಲ್ಲಿ ತುಸು ಹೆಚ್ಚು. ನ್ಯುಮೋನಿಯಾದಲ್ಲಿ 105, 106 ಮುಟ್ಟುತ್ತದೆ. ತೀರಾ ಎಳೆಯ ಮರಿಗಳಲ್ಲಿ ಸೋಂಕು ನೆತ್ತರಿಗೆ ಇಳಿದು, ಕೆಮ್ಮು ಶುರುವಾಗುವ ಮೊದಲೇ ಸಾವು ಬರುವುದುಂಟು. ‘ಕೆಮ್ಮುವ ಮರಿಗೆ ಚಿಕಿತ್ಸೆ ಕೊಡಿ’ ಎಂಬ ಸಾಲು ಕರಡಿನಲ್ಲಿದ್ದರೆ ತೆಗೆದುಬಿಡಿ. ‘ಕಿವಿ ಜೋಲಿಸಿ, ಹಾಲು ಬಿಟ್ಟು, ಹಿಂಡಿನಿಂದ ಹಿಂದೆ ಬೀಳುವ ಮರಿ’ ಎಂದು ಹಾಕಿ.

‘ಅಂಟುರೋಗ’ದ ಬಗ್ಗೆಯೂ ಎಚ್ಚರ ಬೇಕು. ಮ್ಯಾನ್‌ಹೈಮಿಯಾ ಆರೋಗ್ಯವಂತ ಕುರಿಗಳ ಮೂಗು, ಗಂಟಲಿನಲ್ಲೇ ತಣ್ಣಗೆ ಕೂತಿರುತ್ತದೆ. ಮಳೆಯಲ್ಲಿ ನೆನೆದಾಗ, ದೂರ ಸಾಗಿಸಿದಾಗ, ರೊಪ್ಪದಲ್ಲಿ ಒತ್ತೊತ್ತಾಗಿ ಕೂಡಿದಾಗ, ಕುರಿ-ಮೇಕೆಗಳ ಪ್ಲೇಗ್ ಎನ್ನುವ ಪಿಪಿಆರ್‌ನಂಥ ವೈರಸ್ ಬಡಿದಾಗ ಅದು ಕೆಳಗೆ ಶ್ವಾಸಕೋಶಕ್ಕಿಳಿಯುತ್ತದೆ. ಅಲ್ಲಿ ಅದು ಬಿಡುವ ವಿಷ ಕಾವಲಿಗೆ ಬಂದ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತದೆ. ‘ಅಂಟುರೋಗ’ ಎಂದರೆ ಓದುವವರು ಪಕ್ಕದ ಹಿಂಡಿನ ಕಡೆ ಬೊಟ್ಟು ಮಾಡುತ್ತಾರೆ, ತಮ್ಮ ರೊಪ್ಪದ ಹಿಕ್ಕೆ-ಗಂಜಲದ ಘಾಟನ್ನು ನೋಡುವುದಿಲ್ಲ. ‘ಸೋಂಕು’ ಎನ್ನಿ. ಘಾಟು ಎಂಬ ಪದವನ್ನೂ ಬಿಡಬೇಡಿ. ಬಗ್ಗಿ, ಮರಿಯ ಮೂಗಿನ ಎತ್ತರದಲ್ಲಿ ಉಸಿರೆಳೆದಾಗ ಕಣ್ಣುರಿದರೆ ಆ ನೆಲ ಮರಿಗೆ ಆಗದು. ‘ಅಮೋನಿಯಾ’ ಎಂದು ಬರೆದರೆ ಈ ಪರೀಕ್ಷೆ ಯಾರಿಗೂ ಹೊಳೆಯುವುದಿಲ್ಲ.

ಉತ್ತರ, ಜತ್ತದಿಂದ

ರಾಯದುರ್ಗದವರ ಮಾತು ಸರಿ. ನಮ್ಮ ಕಡೆ ಇದೇ ತೊಡಕು ಮರಾಠಿಯಿಂದ ಬರುತ್ತದೆ. ಗಳಲೆಗೆ ನಮ್ಮವರು ಗಂಟಲ ಬ್ಯಾನಿ ಅಂತಾರೆ, ಮರಾಠಿ ಕಾಗದದಲ್ಲಿ ‘ಘಟಸರ್ಪ’ ಇರುತ್ತದೆ. ಅದೇ ಪದ ಮರಾಠಿಯಲ್ಲಿ ಮಕ್ಕಳ ಡಿಫ್ತೀರಿಯಾಕ್ಕೂ ಇದೆ, ಹಾಗಾಗಿ ಕನ್ನಡದಲ್ಲಿ ಹಾಗೇ ಎತ್ತಿಟ್ಟರೆ ಮನೆಯವರು ಹೆದರುತ್ತಾರೆ. ಇನ್ನು ನ್ಯುಮೋನಿಯಾಕ್ಕೆ ಮರಾಠಿಯ ‘ಫುಪ್ಫುಸದಾಹ’ವನ್ನು ಕನ್ನಡ ಲಿಪಿಗೆ ಇಳಿಸಿದ್ದು ಕಣ್ಣಿಗೆ ಬಿದ್ದಿದೆ. ದಾಹ ಮರಾಠಿಯಲ್ಲಿ ಉರಿ, ಕನ್ನಡದ ಕಿವಿಗೆ ನೀರಡಿಕೆ. ಹಾಗೆ ಓದಿದವರು ಮರಿಗೆ ನೀರು ಕುಡಿಸಬೇಕೇನೋ ಅಂದುಕೊಂಡರೆ ತಪ್ಪು ಅವರದಲ್ಲ. ‘ದಮ್ಮ ಹತ್ತುವುದು’ ನಮ್ಮಲ್ಲಿ ಬಳಕೆಯ ಮಾತು, ಆದರೆ ಓಡಿ ಬಂದವರಿಗೂ ದಮ್ಮ ಹತ್ತುತ್ತದೆ. ‘ಅಳ್ಳಿ ಬಡಿಯುವುದು’ ಅದಕ್ಕಿಂತ ಖಚಿತ.

ಮತ್ತೆ ಮಡಕಶಿರಾದಿಂದ

ಉಪಕಾರವಾಯಿತು. ಗಳಲೆ, ನ್ಯುಮೋನಿಯಾ, ಅಳ್ಳೆ ಬಡಿತ, ಸೋಂಕು: ನಾಲ್ಕನ್ನೂ ತಿದ್ದಿಕೊಂಡೆವು. ಚಿಕಿತ್ಸೆಯ ಭಾಗದಲ್ಲಿ ಇನ್ನೆರಡು ಉಳಿದಿವೆ. ‘ಮಂದು ತಾಗಿಂಚಡಂ’ ಎಂಬುದಕ್ಕೆ ‘ಔಷಧ ಕುಡಿಸುವುದು’ ಸಾಕೇ? ಆಂಟಿಬಯೋಟಿಕ್ ಇಂಜೆಕ್ಷನ್ನಿಗೆ ‘ದೀರ್ಘಕಾಲಿಕ ಆಕ್ಸಿಟೆಟ್ರಾಸೈಕ್ಲಿನ್, 10 ಕೆ.ಜಿ.ಗೆ 1 ಮಿ.ಲೀ.’ ಎಂದು ಬರೆದದ್ದು ಸರಿಯೇ?

ಉತ್ತರ, ರಾಯದುರ್ಗದಿಂದ

ಎರಡನೆಯದು ಮೊದಲು. ಆ ಪ್ರಮಾಣ ಮಿ.ಲೀ.ಗೆ 200 ಮಿಲಿಗ್ರಾಂ ಇರುವ ಸೀಸೆಗೆ ಮಾತ್ರ. ಕೆ.ಜಿ.ಗೆ 20 ಮಿಲಿಗ್ರಾಂ ಲೆಕ್ಕದಲ್ಲಿ 8 ಕೆ.ಜಿ. ಮರಿಗೆ 0.8 ಮಿ.ಲೀ. ಬರುತ್ತದೆ. ಅದೇ ಔಷಧ 50 ಮಿಲಿಗ್ರಾಂನ ಸೀಸೆಯಲ್ಲೂ ಸಿಗುತ್ತದೆ. ಅದನ್ನು ಇದೇ ಅಳತೆಯಲ್ಲಿ ಚುಚ್ಚಿದರೆ ಮರಿಗೆ ಸೇರುವುದು ಕಾಲುಭಾಗ. ‘ದೀರ್ಘಕಾಲಿಕ’ ಅಂಗಡಿಯಲ್ಲಿ ಯಾರೂ ಆಡುವ ಮಾತಲ್ಲ. ‘ಸೀಸೆಯ ಮೇಲೆ ಎಲ್.ಎ. (ಲಾಂಗ್ ಆಕ್ಟಿಂಗ್) ಎಂದೂ 200 ಎಂದೂ ಇರಬೇಕು’ ಎಂದು ಬರೆಯಿರಿ, ಮೊದಲು ಪಶುವೈದ್ಯರಿಗೆ ತೋರಿಸಿ ಎಂದು ಸೇರಿಸಿ. ಮಿ.ಲೀ. ಪಕ್ಕದಲ್ಲಿ ‘ಸಿಸಿ’ ಎಂದೂ ಹಾಕಿ. ಎರಡೂ ಒಂದೇ ಅಳತೆ, ಬಾಯಲ್ಲಿ ಓಡಾಡುವುದು ಸಿಸಿ.

ಕುಡಿಸುವುದಕ್ಕೆ ‘ಗೊಟ್ಟ ಹಾಕುವುದು’ ಎಂಬ ನಮ್ಮ ಮಾತಿದೆ. ಬಿದಿರಿನ ಗೊಟ್ಟ (ಮದ್ದು ಕುಡಿಸುವ ಕೊಳವೆ) ಹೋಗಿ ಪ್ಲಾಸ್ಟಿಕ್ ಸಿರಿಂಜ್ ಬಂದರೂ ಕ್ರಿಯಾಪದ ಉಳಿದಿದೆ. ಅದರ ಜೊತೆಗೆ ‘ನೆತ್ತಿಗೇರು’ ಎಂಬುದನ್ನೂ ಸೇರಿಸಿಕೊಳ್ಳಿ, ಏಕೆಂದರೆ ಮರಿಗಳ ನ್ಯುಮೋನಿಯಾದ ಇನ್ನೊಂದು ಬಗೆ ಇಲ್ಲಿಂದಲೇ ಹುಟ್ಟುತ್ತದೆ. ತಲೆಯನ್ನು ಆಕಾಶಕ್ಕೆತ್ತಿ ಸುರಿದ ಮದ್ದು ಅನ್ನನಾಳ ತಪ್ಪಿ ಶ್ವಾಸನಾಳಕ್ಕೆ ಇಳಿಯುತ್ತದೆ. ಬಾಯಿಯ ರೋಗಾಣುಗಳೂ ಅದರ ಜೊತೆಗೇ ಹೋಗುತ್ತವೆ. ಈ ಬಗೆಗೆ ಇಂಜೆಕ್ಷನ್ ಅಷ್ಟಾಗಿ ನಾಟುವುದಿಲ್ಲ. ಕರಪತ್ರಕ್ಕೆ ಈ ಸಾಲು ಆಗಬಹುದು: ‘ಮರಿಯ ಮೂಗು ಕಣ್ಣಿಗಿಂತ ಮೇಲೇರದಂತೆ ಹಿಡಿದು, ಬಾಯಿಯ ಪಕ್ಕದಿಂದ ಗೊಟ್ಟ ಹಾಕಿ. ನುಂಗಿದ ಮೇಲೆ ಮುಂದಿನ ಗುಟುಕು. ಕೆಮ್ಮಿದರೆ ತಕ್ಷಣ ತಲೆ ಬಿಡಿ, ಮದ್ದು ನೆತ್ತಿಗೇರಿದೆ.’