ಗುಡ್ಡದ ಮಗ್ಗುಲಿನ ಗ್ರಾನೈಟ್ ಕ್ವಾರಿ: ಹೊರಕ್ಕೆ ಇಳಿಜಾರಾದ ಪದರಗಳಿದ್ದರೆ ಮುಖ ನಿಲ್ಲುತ್ತದೆಯೇ?

ಪ್ರಶ್ನೆ (ಕ್ವಾರಿ ಮೇಲ್ವಿಚಾರಕ):

ಎಲ್ಲರಿಗೂ ನಮಸ್ಕಾರ. ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆಯ ಒಂದು ಗುಡ್ಡದ ಪೂರ್ವ ಮಗ್ಗುಲಿನಲ್ಲಿರುವ ಜಲ್ಲಿ ಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಲ್ಲು ಗಟ್ಟಿ ಗ್ರಾನೈಟ್. ಮುಖ, ಅಂದರೆ ಕಲ್ಲು ಕಡಿದ ಗೋಡೆ, ನೇರ ಪೂರ್ವಕ್ಕಿದೆ. ಎತ್ತರ ಸುಮಾರು 18 ಮೀಟರ್, ಓರೆ 75 ಡಿಗ್ರಿ, ನಡುವೆ ಬೆಂಚ್ (ಮೆಟ್ಟಿಲಿನಂತಹ ಹಂತ) ಬಿಟ್ಟಿಲ್ಲ. ಗುಡ್ಡದ ಮೈಗೆ ಸಮಾನಾಂತರವಾಗಿ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿರುಕುಗಳಿದ್ದು, ಅವೂ ಪೂರ್ವಕ್ಕೇ 38 ಡಿಗ್ರಿ ಇಳಿಜಾರಾಗಿವೆ. ಮುಖದ ನೆತ್ತಿಯಿಂದ ತುಸು ಹಿಂದೆ ಬೆರಳು ತೂರುವಷ್ಟು ಅಗಲದ ಸೀಳೊಂದು ಕಾಣಿಸಿಕೊಂಡಿದೆ. ಮಳೆ ಬಂದ ಮಾರನೆಯ ದಿನ ಕೆಳಗಿನ ಪದರದಿಂದ ನೀರು ಜಿನುಗುತ್ತದೆ. ಕಲ್ಲಿನ ಒತ್ತಡ ಪರೀಕ್ಷೆಯ ವರದಿ ಚೆನ್ನಾಗಿದೆ, ಆದ್ದರಿಂದ ಭಯವಿಲ್ಲ ಎಂದು ಗುತ್ತಿಗೆದಾರರು ಹೇಳುತ್ತಾರೆ. ಇದನ್ನು ನಂಬಿ ಕೆಳಗೆ ಆಳುಗಳನ್ನು ಇಳಿಸಬಹುದೇ?

ಉತ್ತರ 1 (ಭೂವಿಜ್ಞಾನಿ):

ದಯವಿಟ್ಟು ಇಳಿಸಬೇಡಿ. ಪ್ರಯೋಗಾಲಯದಲ್ಲಿ ಒಡೆದು ನೋಡಿದ ತುಂಡಿನ ಗಟ್ಟಿತನವು ಜಲ್ಲಿಯ ಗುಣಮಟ್ಟವನ್ನು ಹೇಳುತ್ತದೆ. ಮುಖ ನಿಲ್ಲುವುದೋ ಜಾರುವುದೋ ಎಂಬುದನ್ನು ತೀರ್ಮಾನಿಸುವುದು ಬಿರುಕುಗಳ ದಿಕ್ಕು, ಅವುಗಳ ಓರೆ ಮತ್ತು ಅವುಗಳೊಳಗಿನ ನೀರು.

ನಮ್ಮ ಗ್ರಾನೈಟ್ ಗುಡ್ಡಗಳಲ್ಲಿ ಮೇಲಿನ ಬಂಡೆ ಯುಗಾಂತರಗಳಲ್ಲಿ ಸವೆದು ಭಾರ ಇಳಿದಂತೆಲ್ಲ ಒಳಗಿನ ಬಂಡೆ ಹಿಗ್ಗಿ, ಗುಡ್ಡದ ಮೈಯನ್ನೇ ಅನುಸರಿಸಿ ಸೀಳುತ್ತದೆ. ಗುಡ್ಡವನ್ನು ಮುಟ್ಟದಿದ್ದರೆ ಈ ಪದರಗಳು ಕೆಳಗಿನ ಬಂಡೆಗೆ ಒರಗಿ ನಿಂತಿರುತ್ತವೆ. ನೀವು ಬುಡವನ್ನು ಅವುಗಳಿಗಿಂತ ಕಡಿದಾಗಿ ಕತ್ತರಿಸಿದಾಗ ಪದರದ ಕೆಳತುದಿ ಬಯಲಿಗೆ ಬೀಳುತ್ತದೆ, ಒರಗುವ ಆಸರೆಯೇ ಹೋಗುತ್ತದೆ. ಬಿರುಕಿನ ಓರೆ ಮುಖದ ಓರೆಗಿಂತ ಕಡಿಮೆಯಾಗಿದ್ದು, ಬಿರುಕಿನ ಘರ್ಷಣ ಕೋನಕ್ಕಿಂತ (ಬಂಡೆ ತನ್ನ ಭಾರಕ್ಕೇ ಜಾರತೊಡಗುವ ಓರೆಗಿಂತ) ಹೆಚ್ಚಾಗಿದ್ದು, ಎರಡರ ದಿಕ್ಕುಗಳ ನಡುವೆ ಸುಮಾರು 20 ಡಿಗ್ರಿಗಿಂತ ಕಡಿಮೆ ವ್ಯತ್ಯಾಸವಿದ್ದರೆ ಚಪ್ಪಡಿ ಜಾರುವ ಸಾಧ್ಯತೆ ಇದೆ ಎಂದೇ ಲೆಕ್ಕ. ಘರ್ಷಣ ಕೋನವನ್ನು 32 ಡಿಗ್ರಿ ಎಂದು ಹಿಡಿದರೆ, ಒಣ ಬಿರುಕಿಗೆ ಸುರಕ್ಷತಾ ಗುಣಾಂಕವು (ತಡೆಯುವ ಬಲಕ್ಕೂ ಜಾರಿಸುವ ಬಲಕ್ಕೂ ಇರುವ ಅನುಪಾತ) ಟ್ಯಾನ್ 32 ಭಾಗಿಸು ಟ್ಯಾನ್ 38, ಅಂದರೆ 0.80. ಅದು 1ಕ್ಕಿಂತ ಕಡಿಮೆಯಾಗಿದ್ದರೂ ಮುಖ ಇನ್ನೂ ನಿಂತಿರುವುದು ಬಿರುಕಿನ ಒರಟುತನದಿಂದ ಮತ್ತು ನಡುನಡುವೆ ಒಡೆಯದೆ ಉಳಿದ ಬಂಡೆಯ ಬೆಸುಗೆಗಳಿಂದ. ಪ್ರತಿ ಸ್ಫೋಟವೂ ಆ ಬೆಸುಗೆಗಳನ್ನು ಸ್ವಲ್ಪ ಸ್ವಲ್ಪವಾಗಿ ಒಡೆಯುತ್ತದೆ. ಬಿರುಕಿನೊಳಗೆ ಜೇಡಿ ತುಂಬಿದ್ದರೆ 32 ಡಿಗ್ರಿಯೂ ಸಿಗುವುದಿಲ್ಲ.

ಉತ್ತರ 2 (ಭೂತಾಂತ್ರಿಕ ಎಂಜಿನಿಯರ್):

ಮೇಲಿನ ಮಾತಿಗೆ ಒಂದು ಅಂಕಿಯನ್ನು ಸೇರಿಸುತ್ತೇನೆ. 1985ರಲ್ಲಿ ರೊಮಾನಾ ಅವರು ರೂಪಿಸಿದ ಎಸ್‌ಎಂಆರ್ ವಿಧಾನದಲ್ಲಿ (ಇಳಿಜಾರು ಎಷ್ಟು ಸ್ಥಿರವೆಂದು ಅಂಕ ಕೊಡುವ ಕ್ರಮ), ಬಂಡೆರಾಶಿಯ ಗುಣಮಟ್ಟಕ್ಕೆ ಕೊಟ್ಟ ಮೂಲ ಅಂಕದಿಂದ ಬಿರುಕಿಗೂ ಮುಖಕ್ಕೂ ಇರುವ ಸಂಬಂಧಕ್ಕೆ ತಕ್ಕಂತೆ ಕಳೆಯುತ್ತಾರೆ. ನಿಮ್ಮ ಬಂಡೆಗೆ 65 ಅಂಕ ಬಂದಿದೆ ಎಂದುಕೊಳ್ಳೋಣ. ಅದು ಉತ್ತಮ ಬಂಡೆಯ ಅಂಕ. ಆದರೆ ಬಿರುಕೂ ಮುಖವೂ ಒಂದೇ ದಿಕ್ಕಿಗಿರುವುದರಿಂದ 1.0, ಓರೆ 38 ಡಿಗ್ರಿ ಇರುವುದರಿಂದ 0.85, ಮುಖ ಬಿರುಕಿಗಿಂತ ಬಹಳ ಕಡಿದಾಗಿರುವುದರಿಂದ ಋಣ 60. ಮೂರನ್ನೂ ಗುಣಿಸಿದರೆ ಋಣ 51. ಸಾಮಾನ್ಯ ಸ್ಫೋಟಕ್ಕೆ ಏನೂ ಸೇರುವುದಿಲ್ಲ. ಉಳಿಯುವುದು 14, ಅಂದರೆ ಕೊನೆಯ ದರ್ಜೆ. ಉತ್ತಮ ಬಂಡೆಯಲ್ಲಿಯೇ ಅತ್ಯಂತ ಅಸ್ಥಿರ ಇಳಿಜಾರು ಹೀಗೆ ಹುಟ್ಟುತ್ತದೆ. ಈ ಅಂಕವನ್ನು ಎಚ್ಚರಿಕೆಯೆಂದು ತಿಳಿಯಿರಿ, ವಿನ್ಯಾಸಕ್ಕೆ ಇದೊಂದೇ ಸಾಲದು. ಅಡ್ಡ ಬಿರುಕುಗಳನ್ನೂ ಅಳೆದು, ಬಿರುಕುಗಳ ದಿಕ್ಕು ಮತ್ತು ಓರೆಯನ್ನು ತೋರಿಸುವ ವೃತ್ತಾಕಾರದ ನಕ್ಷೆಯಾದ ಸ್ಟೀರಿಯೋನೆಟ್‌ನಲ್ಲಿ ಗುರುತಿಸಿದರೆ, ಎರಡು ಬಿರುಕು ಕೂಡಿ ಬೆಣೆಯಾಕಾರದ ಬಂಡೆ ಜಾರುವ ಸಾಧ್ಯತೆಯೂ ತಿಳಿಯುತ್ತದೆ.

ಉತ್ತರ 3 (ಗಣಿ ಎಂಜಿನಿಯರ್):

ನನಗೆ ಹೆಚ್ಚು ಆತಂಕ ತಂದಿರುವುದು ನೆತ್ತಿಯ ಸೀಳು. ಅದರಲ್ಲಿ 3 ಮೀಟರ್ ನೀರು ನಿಂತರೆ ಮುಖದ ಉದ್ದದ ಪ್ರತಿ ಮೀಟರಿಗೆ ಸುಮಾರು 44 ಕಿಲೋನ್ಯೂಟನ್ ಬಲ ಬಂಡೆಯನ್ನು ಹೊರಕ್ಕೆ ತಳ್ಳುತ್ತದೆ. 6 ಮೀಟರ್ ನಿಂತರೆ ಆ ಬಲ ನಾಲ್ಕು ಪಟ್ಟಾಗುತ್ತದೆ. ಸೀಳಿನ ಮೇಲ್ಗಡೆ ಕಾಲುವೆ ತೋಡಿ ಮಳೆನೀರನ್ನು ಬೇರೆಡೆಗೆ ತಿರುಗಿಸಿ, ಸೀಳಿನ ಬಾಯಿಯನ್ನು ಜೇಡಿಮಣ್ಣಿನಿಂದ ಮುಚ್ಚಿ. ಕೆಳಗಿನ ಜಿನುಗನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ, ಒಳಗಿನ ನೀರಿಗೆ ಅದೇ ದಾರಿ.

1961ರ ಮೆಟಲಿಫೆರಸ್ ಗಣಿ (ಕಲ್ಲಿದ್ದಲು, ತೈಲ ಬಿಟ್ಟು ಉಳಿದ ಗಣಿಗಳ) ನಿಯಮಾವಳಿಯ 106ನೇ ನಿಯಮದಂತೆ ಗಟ್ಟಿ ನೆಲದಲ್ಲಿ ಬೆಂಚಿನ ಎತ್ತರ 6 ಮೀಟರ್ ಮೀರಬಾರದು, ಬುಡ ಕೊರೆದು ಮೇಲ್ಭಾಗ ಚಾಚಿಕೊಳ್ಳುವಂತೆಯೂ ಮಾಡಬಾರದು. ನಿಮ್ಮ 18 ಮೀಟರ್ ಮುಖ ಇಲ್ಲಿಯೇ ತಪ್ಪಿದೆ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕ್ವಾರಿಯಲ್ಲಿ ಬಂಡೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆಯಬಾರದು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಕೆಳಗಿನ ಕೆಲಸವನ್ನು ನಿಲ್ಲಿಸಿದ್ದೇವೆ. ಸಡಿಲವಾದ ಪದರವನ್ನು ಕೆಳಗಿನಿಂದ ಹಿಟಾಚಿಯಲ್ಲಿ ಎಳೆದು ಬೀಳಿಸಬಹುದೇ?

ಉತ್ತರ 3 (ಗಣಿ ಎಂಜಿನಿಯರ್):

ಬೇಡ. ಯಂತ್ರವೂ ಚಾಲಕರೂ ಜಾರುವ ದಾರಿಯಲ್ಲೇ ನಿಂತಿರುತ್ತಾರೆ. ಸೀಳಿನ ಎರಡೂ ಬದಿಗೆ ಕಬ್ಬಿಣದ ಗೂಟ ನೆಟ್ಟು ದಿನವೂ ಒಂದೇ ಹೊತ್ತಿಗೆ, ಮಳೆ ಬಂದರೆ ನಿಂತ ಬಳಿಕ ಇನ್ನೊಮ್ಮೆ, ಅಂತರ ಅಳೆದು ಬರೆದಿಡಿ. ಅಂತರ ಬೆಳೆಯುವ ವೇಗವೇ ಏರುತ್ತಿದ್ದರೆ ನೆತ್ತಿಗೂ ಯಾರೂ ಹೋಗಬಾರದು. ಈ ಅಳತೆಗಳೊಂದಿಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಬರೆಯಿರಿ, ಬೆಂಗಳೂರಿನ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯ ಸಲಹೆಯನ್ನೂ ಕೇಳಿ. ಅವರು ನೋಡಿ ಒಪ್ಪಿದ ಮೇಲೆ, ಸೀಳಿನ ಹಿಂದಿನ ಗಟ್ಟಿ ನೆಲದಿಂದ ಆರಂಭಿಸಿ, ಮೇಲಿನಿಂದ ಕೆಳಕ್ಕೆ ಒಂದೊಂದೇ ಪದರವನ್ನು ತೆಗೆದು ಬೆಂಚ್ ಮಾಡಿಕೊಂಡು ಬರಬೇಕು.