ಹಿಮ್ಮಡಿ ಮೇಲಿನ ನರ ನೋವು: ಬೆಟ್ಟ ಹತ್ತುವುದು ಬಿಡಬೇಕಾ?

ಪ್ರಶ್ನೆ:
ನನಗೆ 46 ವರ್ಷ, ಮೈಸೂರು. ವಾರಕ್ಕೆ ನಾಲ್ಕು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ಎರಡು ತಿಂಗಳಿಂದ ಬಲಗಾಲಿನ ಹಿಮ್ಮಡಿಯ ಸ್ವಲ್ಪ ಮೇಲೆ ನರ ದಪ್ಪಗಾಗಿ ನೋಯುತ್ತಿದೆ. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳೇ ಕಷ್ಟ. ಎರಡು ವಾರ ಪೂರ್ತಿ ರೆಸ್ಟ್ ಮಾಡಿದೆ. ಮತ್ತೆ ಹತ್ತಿದ ದಿನವೇ ನೋವು ವಾಪಸ್ ಬಂತು.

ಉತ್ತರ 1:
ನಾನು ಫಿಸಿಯೋಥೆರಪಿಸ್ಟ್. ಸರ್, ಅದು ನರ ಅಲ್ಲ, ಅಕಿಲೀಸ್ ಟೆಂಡನ್ ಇರಬೇಕು. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಹಗ್ಗ ಅದು. ಅಲ್ಲಿ ರಕ್ತ ಓಡಾಟ ಕಡಿಮೆ, ಹಾಗಾಗಿ ವಾಸಿಯಾಗುವುದು ನಿಧಾನ. ಬರೀ ರೆಸ್ಟ್‌ನಿಂದ ಅದು ಗಟ್ಟಿಯಾಗುವುದಿಲ್ಲ, ಹದವಾದ ಭಾರ ಬೇಕು. ಸ್ವೀಡನ್ನಿನ ಮೂಳೆ ಸರ್ಜನ್ ಹೋಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮವನ್ನೇ ಇಂದಿಗೂ ಹೇಳಿಕೊಡುತ್ತೇವೆ. ಮೆಟ್ಟಿಲ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಲ್ಲಿ. ಎರಡೂ ಕಾಲಿನಿಂದ ಮೇಲೇಳಿ, ನೋಯುವ ಕಾಲಿನ ಮೇಲೆ ಭಾರ ಬಿಟ್ಟು ಹಿಮ್ಮಡಿಯನ್ನು ನಿಧಾನವಾಗಿ ಇಳಿಸಿ. 15 ಸಲ, ಮೂರು ಸುತ್ತು. ಮಂಡಿ ನೇರ ಇಟ್ಟು ಇಷ್ಟು, ಬಗ್ಗಿಸಿ ಮತ್ತೆ ಇಷ್ಟೇ. ದಿನಕ್ಕೆ ಎರಡು ಹೊತ್ತು, 12 ವಾರ. ನೋವು ಮೂಳೆ ಹತ್ತಿರವೇ ಇದ್ದರೆ ಹಿಮ್ಮಡಿಯನ್ನು ಮೆಟ್ಟಿಲ ಮಟ್ಟಕ್ಕಿಂತ ಕೆಳಗೆ ಇಳಿಸಬೇಡಿ.

ಉತ್ತರ 2:
ನನಗೆ ಷಟಲ್ ಆಡುವಾಗ ಟಪ್ ಅಂತ ಸದ್ದಾಯಿತು. ಹಿಂದಿನಿಂದ ಯಾರೋ ಒದ್ದ ಹಾಗೆ! ಮೊದಲು ತೋರಿಸಿದ ಕಡೆ ಉಳುಕು ಅಂದರು, ಮೂರು ವಾರ ಹೋಯಿತು. ಆಮೇಲೆ ಇನ್ನೊಬ್ಬ ಡಾಕ್ಟರ್ ಬೋರಲು ಮಲಗಿಸಿ ಮೀನಖಂಡ ಹಿಂಡಿದರು. ಪಾದ ಅಲುಗಲೇ ಇಲ್ಲ. ಇದೇ ಟೆಂಡನ್ ಪೂರ್ತಿ ಹರಿದಿತ್ತು. ಹಾಗೇನಾದರೂ ಆದರೆ ಅದೇ ದಿನ ತೋರಿಸಿ, ದಯವಿಟ್ಟು.

ಉತ್ತರ 3:
ಇತ್ತೀಚೆಗೆ ಸಿಪ್ರೋಫ್ಲಾಕ್ಸಸಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ತಗೊಂಡಿದ್ದೀರಾ? ಅದರಿಂದಲೂ ಟೆಂಡನ್ ನೋವು ಬರಬಹುದು, ಡಾಕ್ಟರಿಗೆ ಹೇಳಿ.

ಪ್ರಶ್ನೆ ಕೇಳಿದವರು:
ಮಾತ್ರೆ ಇಲ್ಲ. ನಾಳೆ ಬೆಳಿಗ್ಗೆಯಿಂದ ಮನೆ ಮೆಟ್ಟಿಲಲ್ಲೇ ಶುರು ಮಾಡುತ್ತೇನೆ.